ಮೂರನೇ ಪ್ರೆಸ್ಸಿನ ಜಾಬ್ ಕಾರ್ಡು

ಕಂಪ್ಯೂಟರಿಗೆ ಕುಂಕುಮ ಹಚ್ಚುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ನನ್ನ ಬಾಯಿಂದ ಕೇಳಿದರೆ ಹಳೆಯ ಸ್ನೇಹಿತರು ನಂಬಲಿಕ್ಕಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ತೊಂಬತ್ತರ ದಶಕದ ಕೊನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗವೆಂದರೆ ನಾನೊಬ್ಬಳೇ. ಸ್ಟೋರ್ಸ್, ಆಫೀಸು, ತಗಡು ಒತ್ತುವ ಯಂತ್ರಗಳಿದ್ದ ಪ್ರೆಸ್ ಶಾಪ್, ಎಲ್ಲ ಕಡೆಯ ಕಂಪ್ಯೂಟರುಗಳಿಗೂ ನನ್ನ ಕೋಣೆಯಲ್ಲಿದ್ದ ಒಂದೇ ಸರ್ವರಿನಿಂದ ಮಾಹಿತಿ ಹೋಗುತ್ತಿತ್ತು. ಒಂದು ಯಂತ್ರದ ದಾಖಲೆಯನ್ನು ಒಬ್ಬರು ತೆರೆದುಕೊಂಡರೆ, ಅವರು ಮುಚ್ಚುವವರೆಗೆ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಆ ದಾಖಲೆಯಿಂದ ಜಾಬ್ ಕಾರ್ಡು ಅಚ್ಚಾಗಿ ಬರದೆ ಆಪರೇಟರು ಕೆಲಸಕ್ಕೆ ಕೈ ಹಾಕುವಂತಿರಲಿಲ್ಲ.

ಅಂದು ಆಯುಧಪೂಜೆ. ಮಧ್ಯಾಹ್ನ ಪೂಜೆ ಮುಗಿದು, ಕಡ್ಲೆಪುರಿ ಹಂಚಿ, ಎಲ್ಲರೂ ಹೊರಟಿದ್ದರು. ಅಷ್ಟರಲ್ಲಿ ಮ್ಯಾನೇಜರಿಗೆ ತುರ್ತು ಆರ್ಡರಿನ ಫೋನು ಬಂತು. ಮೂರನೇ ಪ್ರೆಸ್ಸನ್ನು ಸ್ವಲ್ಪ ಹೊತ್ತಾದರೂ ಓಡಿಸಲೇಬೇಕು ಎಂದರು. ಅದರ ಆಪರೇಟರು, ಲಗ್ಗೆರೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ರಾಯಚೂರಿನ ಬಸವರಾಜ, ನನ್ನ ಬಾಗಿಲಿಗೆ ಬಂದು ನಿಂತ.

“ಪೂಜಿ ಆದ ಮಷೀನ್ ಇವತ್ತ ಮುಟ್ಟಬಾರದ್ರೀ ಮೇಡಂ.”

“ಸುಮ್ನಿರಪ್ಪ, ಕಾರ್ಡ್ ಕೊಡ್ತೀನಿ, ಬೇಗ ಮುಗಿಸಿ ಹೊರಡು,” ಎಂದೆ.

ಕಾರ್ಡು ಬರಲಿಲ್ಲ. ಮೂರನೇ ಪ್ರೆಸ್ಸಿನ ದಾಖಲೆಯನ್ನು ಪ್ರೆಸ್ ಶಾಪಿನ ಕಂಪ್ಯೂಟರಿನಲ್ಲಿ ಯಾರೋ ತೆರೆದಿದ್ದಾರೆ ಎಂದಿತು ಪರದೆ. ಗೊಣಗುತ್ತಾ ಅಲ್ಲಿಗೆ ನಡೆದೆ. ಶಾಪಿನಲ್ಲಿ ನರಪಿಳ್ಳೆಯಿಲ್ಲ. ಕಂಪ್ಯೂಟರ್ ಆರಿತ್ತು. ಪ್ಲಗ್ಗು ಕಿತ್ತು ಮೇಲಿಟ್ಟು, ಚೆಂಡುಹೂವಿನ ಹಾರ ಹಾಕಿದ್ದರು.

ವಾಪಸು ಬಂದು ಸರ್ವರ್ ಅನ್ನೇ ಆರಿಸಿ ಮತ್ತೆ ಹಾಕಿದೆ. ಹಾಗೆ ಮಾಡಿದರೆ ಯಾರು ಏನು ತೆರೆದಿದ್ದರೂ ಬಿಟ್ಟುಹೋಗಲೇಬೇಕು. ಉಳಿದ ಪ್ರೆಸ್ಸುಗಳ ದಾಖಲೆಗಳೆಲ್ಲ ತೆರೆದವು. ಮೂರನೆಯದು ಮಾತ್ರ ಮತ್ತೆ ಆ ಹಾರ ಹಾಕಿದ್ದ ಕಂಪ್ಯೂಟರಿನ ಹೆಸರನ್ನೇ ತೋರಿಸಿತು. ಸುಳ್ಳೇಕೆ ಹೇಳಲಿ, ಹೆದರಿಕೆಯಾಯಿತು.

ಆಗಲೇ ಶಾಪಿನಿಂದ ಧಡ್ ಎಂಬ ಸದ್ದು. ನಾವಿಬ್ಬರೂ ಓಡಿದೆವು. ಕಾರ್ಡು ಬರುವಷ್ಟರಲ್ಲಿ ಸಿದ್ಧವಾಗಿರಲೆಂದು, ಮ್ಯಾನೇಜರು ಉಳಿಸಿಕೊಂಡಿದ್ದ ಫಿಟ್ಟರ್ ಬಂದು ಪ್ರೆಸ್ಸಿನ ಮೋಟಾರು ಹಾಕಿದ್ದನಂತೆ. ಪ್ರೆಸ್ಸನ್ನು ಕೆಳಗಿಳಿಸುವ ಪೆಡಲ್ ಯಾರೂ ತುಳಿದಿರಲಿಲ್ಲ. ಒಳಗೇನೋ ಮುರಿದು, ಪ್ರೆಸ್ಸಿನ ಮೇಲ್ಭಾಗ ತಾನಾಗಿ ಕೆಳಗೆ ಬಡಿದಿತ್ತು. ಕೇಳಿದ ತಕ್ಷಣ ಕಾರ್ಡು ಬಂದಿದ್ದರೆ, ತಗಡು ಇಡುತ್ತಿದ್ದ ಬಸವರಾಜನ ಎರಡೂ ಕೈ ಅದರಡಿಯಲ್ಲಿ ಇರುತ್ತಿದ್ದವು.

ಕೋಣೆಗೆ ಮರಳಿ ಇನ್ನೊಮ್ಮೆ ಪ್ರಯತ್ನಿಸಿದೆ. ದಾಖಲೆ ತಟ್ಟನೆ ತೆರೆಯಿತು. ಯಾರಿಗೂ ಬೇಡವಾದ ಕಾರ್ಡು, ಬಸವರಾಜನ ಹೆಸರು ಹೊತ್ತು, ಪ್ರಿಂಟರಿನಿಂದ ಹೊರಬಂತು. ಅವನು ಬಾಗಿಲಲ್ಲೇ ನಿಂತು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

“ಮೇಡಂ, ಅದರಾಗ ಯಾರ ಕುಂತಿದ್ದರ್ರೀ?” ಎಂದು ಕೇಳಿದ.

ದಾಖಲೆಗಳನ್ನು ತೆರೆದು ಮುಚ್ಚುವ ಪ್ರೋಗ್ರಾಂ ಬರೆದವಳು ನಾನೇ; ಅದರೊಳಗೆ ನಾನು ಯಾರನ್ನೂ ಕೂರಿಸಿರಲಿಲ್ಲ. ಆ ಕಾರ್ಡನ್ನು ತೆಗೆದು ಅವನ ಅಂಗೈ ಮೇಲಿಟ್ಟೆ.