ಸದ್ದು ಬಾರದ ಕಾಯಿ

ಏಪ್ರಿಲ್ ೧೮, ಬೆಳಗ್ಗೆ ೬:೧೦. ಡಬ್ಬಿ ತೆಗೆದು ಒಂದು ಚೂರು ಮುರಿದೆ. ಟಕ್ ಎಂದಿತು. ಹದಿನಾರನೇ ದಿನ! ಮೊದಲು ಇದನ್ನು ಬರೆದಿಡುತ್ತೇನೆ.

ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಸದ್ದು ಬಂದ ಮೇಲೆಯೇ ಒಡೆಯುವುದು. ನಾನು ಮಾತ್ರ ಅಜ್ಜಿಯ ಬೈಗುಳ ತಿಂದು, ಕಳೆದ ವರ್ಷ ತಿಂಗಳಿಗೆ ಎರಡರಂತೆ ಇಳಿಸಿ ಒಡೆದು ನೋಡಿದೆ. ಏಳನೇ ತಿಂಗಳಲ್ಲಿ ಅದು ಹಸಿಯೂ ಅಲ್ಲ, ಒಣಗಿದ್ದೂ ಅಲ್ಲ. ತೆಳ್ಳಗೆ ಹೆರೆದು ಬೆಲ್ಲದಲ್ಲಿ ಹುರಿದರೆ ರುಚಿಯೇ ಬೇರೆ. ತಿಪಟೂರಿನ ಅಂಗಡಿಯವರೊಬ್ಬರು ತಿಂದು ನೋಡಿ, ಹದಿನೈದು ದಿನ ಗರಿಗರಿಯಾಗಿ ಉಳಿದರೆ ಇಟ್ಟು ಮಾರುವುದಾಗಿ ಹೇಳಿದರು.

ಉಳಿಯಲಿಲ್ಲ. ಮೊದಲ ಸಲ ಮೂರು ದಿನ, ಎರಡನೇ ಸಲ ನಾಲ್ಕು, ಆರನೇ ಸಲವೂ ನಾಲ್ಕೇ. ಕೇಳೋಣವೆಂದರೆ ಗುಟ್ಟು ಹೊರಬಿದ್ದೀತೆಂಬ ಭಯ. ಅದರಲ್ಲೂ ಪಕ್ಕದ ಮನೆಯ ಅಕ್ಕನಿಗೆ ಕಿಬ್ಬನಹಳ್ಳಿಯಲ್ಲಿ ಬೇಕರಿಯಿದೆ, ಗಿರಾಕಿಗಳಿದ್ದಾರೆ. ತಿಳಿದರೆ ವಾರದೊಳಗೆ ಅವರೇ ಮಾಡಿ ಮಾರುತ್ತಾರೆಂದು ಅವರು ಬೇಕರಿಗೆ ಹೊರಟ ಮೇಲೆಯೇ ಬಾಣಲೆ ಇಡುತ್ತಿದ್ದೆ. ಬೆಲ್ಲದ ವಾಸನೆಗೆ ಮಾತ್ರ ಬಾಗಿಲು ಹಾಕಲಾಗಲಿಲ್ಲ. ಕೇಳಿದವರಿಗೆಲ್ಲ ಹೋಳಿಗೆ ಎಂದು ಸುಳ್ಳು ಹೇಳಿದೆ.

ಏಪ್ರಿಲ್ ಒಂದರಂದು ಅಕ್ಕ ಕಾಂಪೌಂಡಿನಾಚೆಯಿಂದ ಕೇಳಿದರು. "ಏನ್ ಕಣೇ, ವಾರಕ್ಕೆರಡು ಸಲ ಹೋಳಿಗೆ? ಒಂದಾದ್ರೂ ನಮ್ಮನೆ ಕಡೆ ಬರಬಾರ್ದಾ?"

ಆರು ಸಲ ಸೋತು ಸಾಕಾಗಿತ್ತು. ಯಾವ ತಿಂಗಳ ಕಾಯಿ ಹೇಗಿತ್ತೆಂದು ಬರೆದಿಟ್ಟ ನೋಟ್‌ಬುಕ್ಕನ್ನೇ ಅವರ ಕೈಗಿಟ್ಟುಬಿಟ್ಟೆ, ಭಯವನ್ನೂ ಹೇಳಿದೆ. ಓದುತ್ತಾ ನಕ್ಕರು.

"ಇದನ್ನ ಯಾರು ಕದೀತಾರೆ ಬುಡು. ಸದ್ದು ಬರದ ಕಾಯಿ ಇಳಿಸಿದ್ರೆ ನಮ್ಮ ಮಾವ ನನ್ನನ್ನೇ ಆಚೆ ಕಳಿಸ್ತಾರೆ. ಅದಿರ್ಲಿ, ಬೆಲ್ಲ ಯಾವಾಗ ಹಾಕ್ತೀಯಾ?"

ಹುರಿಯುವಾಗಲೇ ಎಂದೆ. ತಪ್ಪು ಅಲ್ಲೇ ಇತ್ತು! ಬೆಲ್ಲ ಮೊದಲೇ ಮೆತ್ತಿದರೆ ಒಳಗಿನ ಪಸೆ ಆರುವುದಿಲ್ಲವಂತೆ. ಬರೀ ಹೋಳುಗಳನ್ನು ಮೊದಲು ಹುರಿದು, ಆಮೇಲೆ ಪಾಕ ಸವರಿ, ಬನ್ನು ತೆಗೆದ ಓವನ್ನಿನ ಆರುವ ಕಾವಿನಲ್ಲಿ ಒಂದೂವರೆ ಗಂಟೆ ಬಿಡಬೇಕಂತೆ. ಮರುದಿನವೇ ಅವರ ಬೇಕರಿಯಲ್ಲಿ ಇಬ್ಬರೂ ಸೇರಿ ಮಾಡಿದೆವು. ಇವತ್ತು ಮುರಿದದ್ದು ಆ ಡಬ್ಬಿಯದೇ.

ಗುಟ್ಟಿಟ್ಟ ಮೂರು ವಾರಕ್ಕೆ ಆರು ಸೋಲು, ಹೇಳಿದ ಮಾರನೇ ದಿನಕ್ಕೆ ಒಂದು ಗೆಲುವು. ಅಟ್ಟ ಎಲ್ಲರ ಮನೆಯಲ್ಲೂ ಇದೆ, ನಾಳೆ ಯಾರಾದರೂ ಮಾಡಲೂಬಹುದು. ಆದರೂ ತಿಂಗಳು, ವಿಧಾನ ಎರಡನ್ನೂ ಇಲ್ಲಿ ಮುಚ್ಚದೆ ಬರೆದಿದ್ದೇನೆ, ಏಕೆಂದರೆ ನನಗಿನ್ನೂ ಒಂದು ವಿಷಯ ತಿಳಿಯದು. ಈ ಹದಿನಾರೂ ಬಿಸಿಲಿನ ದಿನಗಳು. ಎಂಟೂವರೆ ಬಸ್ಸಿಗೆ ಡಬ್ಬಿ ಹಿಡಿದು ತಿಪಟೂರಿಗೆ ಹೊರಟರೆ ಅಂಗಡಿಯವರು ಕೇಳುವುದು ಮಳೆಗಾಲದ ಮಾತನ್ನೇ. ಆ ಥಂಡಿಯಲ್ಲಿ ಗರಿಗರಿ ಉಳಿಸುವ ದಾರಿ ಬಲ್ಲವರು ದಯವಿಟ್ಟು ನನಗೊಂದು ಸಾಲು ಬರೆಯಿರಿ.