ಘಂಟೆ ಬಾರಿಸಿದ ಮೇಲೆ

ಕಡಲೆಹಿಟ್ಟು ಜರಡಿ ಹಿಡಿಯುವಾಗ ಏಳುವ ಆ ಹಸಿ ವಾಸನೆ ನಿಮಗೂ ಗೊತ್ತಿರುತ್ತದೆ. ಅವತ್ತು ಬೆಳಿಗ್ಗೆ ನಾನು ಅದೇ ಕೆಲಸದಲ್ಲಿದ್ದೆ. ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರ್ ಹಾಸಿ, ಜರಡಿಯ ಅಂಚನ್ನು ಅಂಗೈಯಿಂದ ತಟ್ಟುತ್ತ ಕೂತಿದ್ದೆ. ಮರುದಿನ ನನ್ನ ಚಿಗವ್ವ ಊಟಕ್ಕೆ ಬರುವವಳಿದ್ದಳು. ಚಿಗವ್ವ ಅಂದರೆ ನನ್ನ ಕಾಕಾನ ಹೆಂಡತಿ, ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಅಡುಗೆ ಕಲಿಸಿದವಳು. ಅವಳಿಗೆಂದು ಈ ಹಿಟ್ಟನ್ನು ಒಗ್ಗರಣೆಯ ನೀರಿನಲ್ಲಿ ತಿರುವಿ ಜುಣಕ ಮಾಡುವವಳಿದ್ದೆ, ಗಂಟಿಲ್ಲದ ಜುಣಕ. ಆಗ ಫೋನು ಬಂತು. ನಾಗಪುರದ ಹೊರಗಿನ ಬುಟಿಬೋರಿಯಿಂದ ಅವಳ ಮಗ ರಾಜು. ಮನೆಯಲ್ಲಿ ಕನ್ನಡವನ್ನೇ ಆಡುವ ಹುಡುಗ, ಅಳು ಬಂದಾಗ ಮಾತ್ರ ಮರಾಠಿಗೆ ಹೋಗಿಬಿಡುತ್ತಾನೆ. "ಅಕ್ಕಾ, ಆಯೀ ಗೇಲಿ," ಅಂದ. ಅವ್ವ ಹೋದಳು. ಆಮೇಲೆ ಅವನೇ ಕನ್ನಡಕ್ಕೆ ತಿರುಗಿದ. "ಜಳಕಾ ಮಾಡಿದ್ಲು, ದೇವರಿಗೆ ದೀಪಾ ಹಚ್ಚಿದ್ಲು. ಚಾ ಕೊಡಪಾ ಅಂದ್ಲು. ನಾ ಚಾ ತರೂದ್ರಾಗ ಗ್ವಾಡಿಗೆ ಆತು ಕುಂತಾಕಿ ಕುಂತಂಗ..." ದೇವರು ದೊಡ್ಡವನು ಅಂದುಕೊಂಡೆ. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ದೀಪ ಹಚ್ಚಿಯೇ ಹೋದಳು. ಹಿಟ್ಟು ಮೆತ್ತಿದ ಬೆರಳುಗಳನ್ನು ಮಡಚಿ ಮಡಚಿ ಇಷ್ಟನ್ನು ಎಣಿಸಿದೆ. ಆ ಹೊತ್ತಿಗೆ ಬೇರೇನು ಮಾಡಬೇಕೋ ನನಗೆ ತೋಚಲಿಲ್ಲ.

ನಾವು ಬೆಳೆದದ್ದು ನಾಗಪುರದ ಮಹಾಲ್ ಪೇಟೆಯಲ್ಲಿ, ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯ ಬಾಡಿಗೆ ಮನೆಯಲ್ಲಿ. ಅಜ್ಜನ ಕಾಲಕ್ಕೆ ವಿಜಾಪುರದ ಕಡೆಯಿಂದ ಅರಿವೆಯ ವ್ಯಾಪಾರಕ್ಕೆ ಬಂದ ಮನೆತನ. ಅಂಗಡಿಯನ್ನು ಅಪ್ಪ ಅವ್ವ ಇಬ್ಬರೂ ನೋಡುತ್ತಿದ್ದರು, ಕಾಕಾ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ, ಅಡುಗೆಮನೆ ಪೂರ್ತಿ ಚಿಗವ್ವನದು. ಈಗ ಆ ವಾಡೆ ಇಲ್ಲ. ಅದು ನಿಂತಿದ್ದಲ್ಲಿ ಎತ್ತರದ ಕಟ್ಟಡವೊಂದು ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ಆ ದಾರಿಯಲ್ಲಿ ಹೋಗುವಾಗ ಒಲೆಯಿದ್ದ ಜಾಗ ಯಾವುದಿರಬಹುದೆಂದು ಕಣ್ಣಳತೆಯಲ್ಲೇ ಹುಡುಕುತ್ತೇನೆ. ಬೇಸಿಗೆಯಲ್ಲಿ ಕಾದ ಕಲ್ಲಿನ ಗೋಡೆಯ ವಾಸನೆ, ಒಳಕೋಣೆಯ ಕೂಲರಿನ ಒದ್ದೆ ಹುಲ್ಲಿನ ವಾಸನೆ, ಇವೆರಡರ ನಡುವೆ ಬೆಳ್ಳುಳ್ಳಿ ಒಗ್ಗರಣೆಯ ಘಮ. ಶಾಲೆಯಿಂದ ಬಂದವಳೇ ಚೀಲ ಎಸೆದು ನಾನು ಆ ಘಮದ ಕಡೆ ಓಡುತ್ತಿದ್ದೆ. ಉಳಿದ ಹುಡುಗಿಯರು ಅಂಗಳದಲ್ಲಿ ಕುಂಟಾಟ ಆಡುವಾಗ ನನಗೆ ಸಾಸಿವೆ ಸಿಡಿಯುವುದನ್ನು ನೋಡುವ ಹುಚ್ಚು. ಅವ್ವನಿಗೆ ಇದು ಸೇರುತ್ತಿರಲಿಲ್ಲ. "ಇದನ್ನ ಕಲ್ಯಾಕ ಅವಸರ ಏನೈತಿ? ಮುಂದ ಸಾಯೂತನಕ ಇದ ಐತಿ," ಅನ್ನುತ್ತಿದ್ದಳು. ಚಿಗವ್ವ ಎದುರಾಡಲಿಲ್ಲ. ಎರಡು ಒಲೆಯ ಗ್ಯಾಸಿನಲ್ಲಿ ಎಡಗಡೆಯದನ್ನು ಬೆರಳಿನಿಂದ ತಟ್ಟಿ, "ಇದು ನಿಂದು," ಅಂದಳು, ಅಷ್ಟೇ. ಆ ಒಲೆಯ ಉರಿ ಒಂದು ಕಡೆಗೆ ವಾಲುತ್ತಿತ್ತು. ಅದಕ್ಕೇ ನನ್ನ ಚಪಾತಿಗಳೆಲ್ಲ ಒಂದು ಬದಿ ಹಸಿ, ಒಂದು ಬದಿ ಕರಕು. ಆದರೂ ಒಂದು ಒಲೆ ನನ್ನದಾಗಿತ್ತು. ಈಗ ನಾಲ್ಕು ಒಲೆಯ ಗ್ಯಾಸಿದೆ. ಆ ಸಂಪತ್ತು ಮತ್ತೆ ಬರಲಿಲ್ಲ.

ನಮ್ಮ ಕಡೆ ತಪ್ಪು ತೆಗೆಯುವುದಕ್ಕೆ ಹೆಸರಿಡುವುದು ಅನ್ನುತ್ತಾರೆ. ನಮ್ಮಪ್ಪ ಊಟಕ್ಕೆ ಕೂತರೆ ಹೆಸರಿಡದೆ ಎದ್ದವರಲ್ಲ. ಪಲ್ಯಕ್ಕೆ ಒಂದು ಹೆಸರು, ಸಾರಿಗೆ ಒಂದು ಹೆಸರು. ಕೆಟ್ಟವರೇನಲ್ಲ. ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮುಂದೆ ನಕ್ಕು ನಕ್ಕು ಸಾಕಾಗಿ ಮನೆಗೆ ಬಂದು ತಾಟಿನ ಮುಂದೆ ಸಿಟ್ಟು ಕಳೆಯುವವರು. ನಾನು ಮೊದಲ ಸಲ ಜುಣಕ ಮಾಡಿದ ದಿನ ಹಿಟ್ಟನ್ನು ಒಮ್ಮೆಲೇ ಸುರಿದುಬಿಟ್ಟಿದ್ದೆ. ಗೋಲಿಯಂಥ ಗಂಟುಗಳಾಗಿದ್ದವು, ತಳ ಹಿಡಿದಿತ್ತು. ಹೊರಗೆ ಅಪ್ಪ ಕೈಕಾಲು ತೊಳೆಯುವ ಸಪ್ಪಳ ಕೇಳಿ ನನಗೆ ಅಳುವೇ ಬಂತು. ಚಿಗವ್ವ ಬಾಣಲೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಒಂದು ಬಟ್ಟಲಿಗೆ ಜುಣಕ ಹಾಕಿಕೊಂಡು ಹೋಗಿ ಗೋಡೆಯ ಮಾಡದಲ್ಲಿದ್ದ ದೇವರ ಮುಂದಿಟ್ಟು, ನೀರು ಸುತ್ತಿ, ಘಂಟೆ ಬಾರಿಸಿದಳು. ಇಡೀ ವಾಡೆಗೆ ಕೇಳುವ ಹಾಗೆ ಬಾರಿಸಿದಳು. ಅಪ್ಪನ ತಾಟಿಗೆ ಅದನ್ನು ನಾನೇ ಬಡಿಸಿದೆ. ಅವರು ಒಂದು ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು, ಬಾಯಿ ತೆರೆದರು, ದೇವರ ಮಾಡದ ಕಡೆ ನೋಡಿದರು, ಮುಚ್ಚಿದರು. ಪ್ರಸಾದಕ್ಕೆ ಹೆಸರಿಡುವ ಹಾಗಿಲ್ಲ. ಕಣ್ಣಿಗೆ ಒತ್ತಿಕೊಂಡು ತಿಂದರು.

ಆಮೇಲೆ ನಾನು ಮಾಡಿದ್ದೆಲ್ಲವೂ ಮೊದಲು ದೇವರ ಮುಂದೆ ಹೋಗತೊಡಗಿತು. ಅಪ್ಪನಿಗೆ ಗುಟ್ಟು ತಿಳಿಯುವುದು ತಡವಾಗಲಿಲ್ಲ. ಅಡುಗೆ ಕೆಟ್ಟಷ್ಟೂ ಘಂಟೆ ಉದ್ದವಾಗುತ್ತದೆ ಎಂದು ಲೆಕ್ಕ ಹಾಕಿದ್ದರು. "ಏನವ್ವಾ, ಇವತ್ತು ಘಂಟಿ ಭಾಳ ಹೊತ್ತು ಬಾರಿಸಿತಲ್ಲ. ಏನು ಹೊತ್ತೇತಿ?" ಎಂದು ನನ್ನನ್ನು ಕೇಳುವರು. ಚಿಗವ್ವ ಭಾವನ ಎದುರು ಮಾತಾಡುವವಳಲ್ಲ. ಬಾಗಿಲ ಹಿಂದೆ ನಿಂತು ತಲೆಯ ಮೇಲಿನ ಸೆರಗು ಎಳೆದುಕೊಂಡು, ನನಗೆ ಹೇಳುವ ಹಾಗೆ ಅವರಿಗೆ ಕೇಳಿಸುತ್ತಿದ್ದಳು. "ನಿಮ್ಮಪ್ಪಗ ಹೇಳು, ದೇವರು ಒಂದು ಮಾತು ಅನ್ನಲಿಲ್ಲಂತ." ಅಪ್ಪ ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ತಂಬಿಗೆ ಎತ್ತುತ್ತಿದ್ದರು. ಆ ನಗುವಿನ ಸಪ್ಪಳ, ತಂಬಿಗೆಯೊಳಗಿಂದ ಬರುತ್ತಿದ್ದದ್ದು, ಈಗಲೂ ನನ್ನ ಕಿವಿಯಲ್ಲಿದೆ.

ದೇವರಿಗಿಡುವ ಅಡುಗೆಯ ರುಚಿ ಮೊದಲು ನೋಡಬಾರದು. ಹಾಗಾಗಿ ಚಿಗವ್ವ ನನಗೆ ಕಲಿಸಿದ್ದೆಲ್ಲ ಕೈಯಳತೆಯಲ್ಲಿ, ಕಿವಿಯಲ್ಲಿ, ಮೂಗಿನಲ್ಲಿ. ಉಪ್ಪು ಮೂರು ಬೆರಳಿಗೆ ಬಂದಷ್ಟು. ಕಡಲೆಹಿಟ್ಟಿನ ಹಸಿ ವಾಸನೆ ಹೋಗಿ ಹುರಿದ ವಾಸನೆ ಬರುವ ತನಕ ಕೈ ಬಿಡಬಾರದು. ವಾಸನೆಯನ್ನೂ ನೋಡಬಾರದಂತಲ್ಲ ಎಂದು ನಾನು ಕೇಳಿದರೆ, "ನೀ ಮೂಗು ಒಯ್ದು ಹಚ್ಚಬ್ಯಾಡ. ತಾನ ಬಂದ ವಾಸನಿಗೆ ದೋಷಿಲ್ಲ," ಅಂದಳು. ಎಲ್ಲ ಸರಿ, ಆದರೆ ನನಗೊಂದು ಆಸೆ ಉಳಿಯಿತು. ಯಾರಾದರೂ ಒಮ್ಮೆ ಚಲೋ ಆಗೇತಿ ಅನ್ನಬೇಕು. ಯಾರೋ ಯಾಕೆ, ಅವಳೇ ಅನ್ನಬೇಕು. ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕ ಕೂತು ಅವಳು ಉಣ್ಣುವಾಗ ಒಂದು ದಿನ ಕೇಳಿಯೇಬಿಟ್ಟೆ. "ಚಿಗವ್ವಾ, ಖರೇ ಹೇಳು. ಚಲೋ ಆಗೇತೇನು?" ಅವಳು ತುತ್ತು ನುಂಗಿ, "ಪ್ರಸಾದಕ್ಕ ಹೆಸರಿಡಬಾರದು, ಹೊಗಳಾಕೂ ಬಾರದು," ಅಂದಳು. ನನ್ನ ಮುಖ ಸಣ್ಣದಾಯಿತು. ಅವಳು ಎಡಗೈಯಿಂದ ನನ್ನ ಗಲ್ಲ ಹಿಡಿದು ದನಿ ಇಳಿಸಿದಳು. "ನಿನ್ನ ಮನಿ ಅಂತ ಒಂದು ಆಗ್ಲಿ. ಅವತ್ತ ದೇವರಿಗೆ ಬಾಳಿಹಣ್ಣು ಇಟ್ಟುಬಿಡು, ಅಡಗಿ ಮೊದಲ ನನಗ ನೀಡು. ಆವಾಗ ಹೇಳ್ತೀನಿ. ಉಪ್ಪು ಕಮ್ಮಿ ಇದ್ರ ಉಪ್ಪು ಕಮ್ಮಿ ಅಂತನೂ ಹೇಳ್ತೀನಿ, ಅಳಬಾರದು ಮತ್ತ."

ಮದುವೆಯಾಗಿ ನಾಗಪುರದಲ್ಲೇ ನನ್ನ ಮನೆ ಅಂತ ಒಂದು ಆಯಿತು. ವಾಡೆ ಬಿತ್ತು, ಅಪ್ಪ ಅವ್ವ ಒಬ್ಬರ ಹಿಂದೊಬ್ಬರು ತೀರಿಹೋದರು, ಕಾಕಾ ಹೋದ ಮೇಲೆ ಚಿಗವ್ವ ರಾಜುವಿನ ಜೊತೆ ಬುಟಿಬೋರಿಯ ಬಾಡಿಗೆ ಕೋಣೆಗಳಲ್ಲಿ ಉಳಿದಳು. ನಮ್ಮ ಮನೆಗೆ ಬಂದದ್ದೆಲ್ಲ ಹಬ್ಬಕ್ಕೆ, ಪೂಜೆಗೆ, ಸೀಮಂತಕ್ಕೆ. ಆ ದಿನಗಳಲ್ಲಿ ನೈವೇದ್ಯ ತಪ್ಪುವುದುಂಟೇ? ಉಂಡು ಕೈ ತೊಳೆದು ನನ್ನ ಕಡೆ ನೋಡಿ ನಗುವಳು, ನಾನೂ ನಗುವೆ. ಮಾತು ಹಾಗೆಯೇ ಉಳಿಯುತ್ತಿತ್ತು. ಈ ಸಲ ಮಾತ್ರ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಒಂದು ಬರೀ ಆದಿತ್ಯವಾರಕ್ಕೆ ಕರೆದೆ. ರಾಜು ಗಾಡಿಯ ಮೇಲೆ ತಂದು ಬಿಡುತ್ತೇನೆ ಅಂದಿದ್ದ. ನಾನು ಫೋನಿನಲ್ಲಿ ಊಟಕ್ಕೆ ಬಾ ಎಂದಷ್ಟೇ ಹೇಳಿದ್ದು. ಅತ್ತ ಕಡೆಯಿಂದ ಅವಳು ಸ್ವಲ್ಪ ತಡೆದು, "ಬಾಳಿಹಣ್ಣು ತಂದೀಯಿಲ್ಲೊ?" ಅಂದಳು. ಇಷ್ಟು ವರ್ಷ ಅವಳೂ ಅದನ್ನು ಮರೆತಿರಲಿಲ್ಲ. ನನಗೆ ಸಿಕ್ಕ ಕರುಣೆಗಳಲ್ಲಿ ಎಲ್ಲಕ್ಕೂ ದೊಡ್ಡದು ಅದು. ಎಲ್ಲಕ್ಕೂ ಹೆಚ್ಚು ಸುಡುವುದೂ ಅದೇ.

ನಾನೂ ನನ್ನ ಗಂಡನೂ ಬುಟಿಬೋರಿಗೆ ಹೋದೆವು. ಬಸ್ಸು ಜಲ್ದಿ ಸಿಕ್ಕಿತು, ಮುಖ ನೋಡಲು ಸಿಕ್ಕಿತು. ಬಲಗೈಯ ಮೂರು ಬೆರಳುಗಳು ಉಪ್ಪು ಹಿಡಿಯುವಾಗಿನ ಹಾಗೆ ಒಂದಕ್ಕೊಂದು ತಾಗಿಯೇ ಇದ್ದವು. ರಾಜು ನನ್ನ ಹೆಗಲಿಗೆ ತಲೆಯಿಟ್ಟು, "ನಾಳೆ ಉಡೂ ಸೀರಿ ತೆಗೆದಿಟ್ಟಿದ್ಲಕ್ಕಾ," ಅಂದ. ಅದನ್ನೇ ಅವಳಿಗೆ ಹೊದಿಸಿದೆವು. ತಿರುಗಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಬಾಗಿಲಲ್ಲೇ ನಮ್ಮತ್ತೆ ನೀರು ತೋಡಿಟ್ಟಿದ್ದರು. ಮದುವೆಯಾಗಿ ಹೋದವಳಿಗೆ ಕಾಕಾನ ಹೆಂಡತಿಯ ಸೂತಕ ಒಂದು ಸ್ನಾನದಷ್ಟು, ತಲೆ ಮೇಲೆ ನೀರು ಹಾಕಿಕೊಂಡರೆ ಮುಗಿಯಿತು ಎಂದರು. ಕೆಟ್ಟದ್ದಕ್ಕೆ ಹೇಳಲಿಲ್ಲ, ಪದ್ಧತಿ ಹಾಗಿದೆ. ಕೊಡದ ನೀರು ಮುಗಿಯಿತು. ನನ್ನ ಚಿಗವ್ವ ನನಗೆ ಅಷ್ಟೇ ಆಗಿದ್ದಳೇನೋ ಶಾಸ್ತ್ರದ ಪ್ರಕಾರ.

ಅಡುಗೆಮನೆಯ ನೆಲದ ಮೇಲೆ ಪೇಪರು, ಹಿಟ್ಟು, ಜರಡಿ ಬಿಟ್ಟ ಹಾಗೆಯೇ ಇದ್ದವು. ಮನೆಯವರು ಉಣ್ಣಬೇಕಲ್ಲ. ಉಳಿದದ್ದನ್ನು ಜರಡಿ ಹಿಡಿದೆ. ಒಗ್ಗರಣೆ ಹಾಕಿ ನೀರು ಕುದಿಸಿ, ಒಂದು ಕೈಯಿಂದ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ತಿರುವಿದೆ. ಒಂದು ಗಂಟೂ ಆಗಲಿಲ್ಲ. ಹಸಿ ವಾಸನೆ ಹೋಗಿ ಹುರಿದ ವಾಸನೆ ತಾನಾಗಿ ಬಂತು. ದೇವರ ಮುಂದೆ ಬಾಳೆಹಣ್ಣು ಇಟ್ಟೆ, ಘಂಟೆಯನ್ನು ಒಂದು ಸಲ ಅಲ್ಲಾಡಿಸಿ ಇಳಿಸಿದೆ. ತಿರುಗಿ ಬಂದು ಜುಣಕವನ್ನು ಒಂದು ಬಟ್ಟಲಿಗೆ ಹಾಕಿಕೊಂಡು, ಯಾರಿಗೂ ನೀಡುವ ಮೊದಲು, ನಿಂತಲ್ಲೇ ಬಾಯಿಗಿಟ್ಟುಕೊಂಡೆ. ಉಪ್ಪಿತ್ತು. ಖಾರವಿತ್ತು. ಚಲೋ ಆಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅದನ್ನು ಹೇಳಬೇಕಾದ ಬಾಯಿ ನನ್ನದಾಗಿರಲಿಲ್ಲ. ಹೊರಗಿನಿಂದ ಅತ್ತೆ, "ರೊಟ್ಟಿ ಬಡಿತೀಯೇನವ್ವಾ, ಇಲ್ಲಾ ಅನ್ನ ಇಟ್ರ ಸಾಕು," ಅಂದರು. "ಬಡಿತೀನ್ರಿ," ಅಂದೆ. ಎಸರು ಕುದಿಯುತ್ತಿತ್ತು. ಪರಾತಕ್ಕೆ ಜೋಳದ ಹಿಟ್ಟು ಹಾಕಿ, ನಡುವೆ ಕುಳಿ ಮಾಡಿ, ಬಿಸಿನೀರು ಹೊಯ್ದು ನಾದಲು ಕೂತೆ.