ಮೂರು ಸುತ್ತಿನ ಪಟ್ಟಿ

ಪಾಣೆಮಂಗಳೂರಿನ ಅಬ್ದುಲ್ ಹಕೀಂ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆದವನು. ಜೀವ ಇದ್ದದ್ದು ಗುಡ್ಡದಲ್ಲಿ. ಮದುವೆ ಇಲ್ಲದ ಆದಿತ್ಯವಾರ ಸ್ಕೂಟರ್ ಹತ್ತಿ ಮುಂಡಾಜೆ ದಾಟಿ ಚಾರ್ಮಾಡಿ ಕಡೆ ಹೋಗುವನು. ಮಂಜು, ಕಣಿವೆ, ಮಂಗಟ್ಟೆ ಹಕ್ಕಿ.

ಮನೆಗೆ ಬಂದರೆ ಹೆಂಡತಿ ಆಯಿಶಮ್ಮ ಅವನ ಕುತ್ತಿಗೆಯಿಂದ ಕ್ಯಾಮೆರಾ ಬಿಡಿಸುವಳು. ಪಟ್ಟಿಯನ್ನು ಲೆನ್ಸಿಗೆ ಮೂರು ಸುತ್ತು ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಬಟ್ಟೆಯಲ್ಲಿ ಕಟ್ಟಿ ಕುಚ್ಚಲಕ್ಕಿ ಡಬ್ಬದಲ್ಲಿ ಹೂತಿಡುವಳು. ಅಕ್ಕಿ ಪಸೆ ಎಳೆಯುತ್ತದೆ, ಲೆನ್ಸಿಗೆ ಬೂಷ್ಟು ಬರುವುದಿಲ್ಲ. ಅವನು ಎಂದೂ ಪಟ್ಟಿ ಸುತ್ತಿದವನಲ್ಲ. ಅದು ನಿನ್ನ ಕೆಲಸ ಎನ್ನುವನು.

ಎರಡು ಸಾವಿರದ ಆರರಲ್ಲಿ ರೀಲಿನ ಕ್ಯಾಮೆರಾ ಸಾಕೆನಿಸಿತು. ಹಳೆಯ ಲೆನ್ಸು ಇರಲಿ, ಲೆನ್ಸು ಕೂರಿಸುವ ಬಾಡಿ ಮಾತ್ರ ಡಿಜಿಟಲ್ ಆಗಲಿ ಎಂದು ಮಂಗಳೂರಿನ ಅಂಗಡಿಯಿಂದ ಎರಡು ಬಾಡಿ ನೋಡಲು ತಂದ. ಒಂದು ಹಗುರ, ಗುಡ್ಡ ಹತ್ತುವವನಿಗೆ ಒಳ್ಳೆಯದು. ಇನ್ನೊಂದು ಲೋಹದ್ದು. ಹಕ್ಕಿ ಹಾರುವಾಗ ಟಪಟಪ ಫೋಟೋ ಹೊಡೆಯುತ್ತದೆ, ಮಳೆಗೆ ಹೆದರುವುದಿಲ್ಲ, ಆದರೆ ಭಾರ. ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಎರಡನ್ನೂ ಹೆಂಡತಿಯ ಕೈಗಿಟ್ಟ. ಅವಳು ಪಾತ್ರೆ ಕೊಳ್ಳುವ ಹಾಗೆ ತೂಗಿ ನೋಡಿದಳು.

"ಭಾರದ್ದೇ ಇರಲಿ. ಗಟ್ಟಿ ಉಂಟು."

"ಹೊರುವವ ನಾನಲ್ವಾ ಮಾರಾಯ್ತಿ," ಎಂದು ನಕ್ಕ. ಅದನ್ನೇ ಇಟ್ಟುಕೊಂಡ.

ಮೂರನೆಯ ಆದಿತ್ಯವಾರ ಗುಡ್ಡದಲ್ಲಿ ಅವನ ಉಸಿರು ನಿಂತಿತು. ಒಬ್ಬನೇ ಹೋಗಿದ್ದ. ಮಧ್ಯಾಹ್ನ ಕಳೆದು ಸೊಪ್ಪಿಗೆ ಹೋದ ಗುಡ್ಡದ ಬುಡದ ಮುಂಡಪ್ಪ ಕಂಡು ಜನ ಕರೆದ.

ಗಂಡ ಸತ್ತವಳು ಮನೆಯಲ್ಲೇ ಕೂರುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಆಯಿಶಮ್ಮ ಹೊಸಿಲು ದಾಟಲಿಲ್ಲ. ಕ್ಯಾಮೆರಾದ ಚೀಲ ಮೊಳೆಯಲ್ಲಿ ನೇತಾಡುತ್ತಿತ್ತು, ಮುಟ್ಟಲಿಲ್ಲ. ಭಾರ ಆರಿಸಿದ್ದು ನಾನು, ಆ ಭಾರವೇ ಅವನ ಎದೆ ಹಿಂಡಿತು. ಇಷ್ಟೇ ಯೋಚನೆ.

ಇದ್ದತ್ ಮುಗಿದ ಮೇಲೆ ಮುಂಡಪ್ಪನನ್ನು ಕರೆಸಿ, ನೀನು ಕಂಡಾಗ ಪಟ್ಟಿ ಕುತ್ತಿಗೆಯಲ್ಲಿತ್ತಾ ಎಂದು ಕೇಳಿದಳು.

"ಕುತ್ತಿಗೆಯಲ್ಲಿ ಇರ್ಲಿಲ್ಲ ಅಕ್ಕ. ಕ್ಯಾಮೆರಾ ಪಕ್ಕದ ಕಲ್ಲಿನ ಮೇಲೆ ಇತ್ತು. ಇದ್ದ ಹಾಗೇ ಚೀಲಕ್ಕೆ ಹಾಕಿದ್ದೇನೆ."

ಅವನು ಹೋದ ಮೇಲೆ ಚೀಲ ಬಿಚ್ಚಿದಳು. ಪಟ್ಟಿ ಲೆನ್ಸಿಗೆ ಮೂರು ಸುತ್ತು ಸುತ್ತಿತ್ತು. ತುದಿ ಒಳಗೆ ಸಿಕ್ಕಿಸಿತ್ತು.

ಹಕೀಂ ಹೇಳಿಕೊಟ್ಟಿದ್ದ ಗುಂಡಿ ಒತ್ತಿದಳು. ಹಿಂದಿನ ಗಾಜಿನಲ್ಲಿ ಕೊನೆಯ ಫೋಟೋ ಬಂತು. ಹುಲ್ಲಿನ ಮೇಲೆ ಹಕೀಂ ಮಲಗಿದ್ದಾನೆ, ಕುತ್ತಿಗೆ ಖಾಲಿ, ಮುಖದಲ್ಲಿ ನೋವಿಲ್ಲ. ಪಕ್ಕದಲ್ಲಿ ನಿಂತವರು ಬಗ್ಗಿ ತೆಗೆದ ಹಾಗೆ ಉಂಟು. ಕೆಳಗೆ ಆ ಆದಿತ್ಯವಾರದ ತಾರೀಕು, ಹೊತ್ತು ಬರೆದಿತ್ತು, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ.

ಆ ದಿನ ಆ ಹೊತ್ತಿಗೆ ತಾನು ಏನು ಮಾಡುತ್ತಿದ್ದೆ ಎಂದು ಎಷ್ಟು ನೆನೆದರೂ ಆಯಿಶಮ್ಮನಿಗೆ ನೆನಪಾಗಲಿಲ್ಲ. ಅಡುಗೆ ಮಾಡಿದ ನೆನಪೂ ಇಲ್ಲ, ಮಲಗಿದ ನೆನಪೂ ಇಲ್ಲ.

ಭಾರ ಅಂತೂ ಇಳಿದಿತ್ತು. ಅವಳು ಪಟ್ಟಿ ಬಿಚ್ಚಲಿಲ್ಲ. ಬಟ್ಟೆ ಕಟ್ಟಿ ಅಕ್ಕಿಯೊಳಗೆ ಇಟ್ಟಳು.